ಆ ಮಾತು ನಮಗಲ್ಲವೇ?



2025ರ ಜುಲೈನಲ್ಲಿ ಜಪಾನಿನ ಮೇಲ್ಮನೆಗೆ ಚುನಾವಣೆ ನಡೆದಾಗ "ಜಪಾನಿಯರೇ ಮೊದಲು" ಎಂಬ ಘೋಷಣೆ ಎಲ್ಲೆಡೆ ಕೇಳಿಬಂತು. ಆಗ ನಮ್ಮ ಮನೆಗಳಲ್ಲಿ ಕಾಫಿ ಕುಡಿಯುತ್ತ ಆಡಿದ ಸಮಾಧಾನದ ಮಾತು ಬಹುಮಟ್ಟಿಗೆ ಒಂದೇ: "ಅದು ನಮಗೆ ಹೇಳಿದ್ದಲ್ಲ. ನಾವು ವೀಸಾ ಪಡೆದು ಬಂದವರು, ತೆರಿಗೆ ಕಟ್ಟುವವರು, ನಮ್ಮ ಪಾಡಿಗೆ ನಾವಿರುವವರು." ಈ ಸಮಾಧಾನ ಎಷ್ಟು ಗಟ್ಟಿ ಎಂದು, ಮಡಕೆ ಕೊಳ್ಳುವವರ ಹಾಗೆ, ಒಮ್ಮೆ ತಟ್ಟಿ ನೋಡುವುದು ಒಳ್ಳೆಯದು.

ಮರುತಿಂಗಳೇ ನಮ್ಮ ಯೋಕೋಹಾಮಾದಲ್ಲಿ ಆಫ್ರಿಕಾ ಅಭಿವೃದ್ಧಿಯ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅಲ್ಲಿ ಜಪಾನಿನ 4 ಊರುಗಳನ್ನು ಆಫ್ರಿಕಾದ 4 ದೇಶಗಳೊಡನೆ ಸ್ನೇಹಕ್ಕಾಗಿ ಜೋಡಿಸುವ ಯೋಜನೆಯೊಂದನ್ನು ಸಾರಿದರು. ಆ ಊರುಗಳನ್ನೇ ವಲಸಿಗರಿಗೆ ಬಿಟ್ಟುಕೊಡುತ್ತಾರಂತೆ ಎಂಬ ಸುಳ್ಳು ಮೊಬೈಲಿನಿಂದ ಮೊಬೈಲಿಗೆ ಹಾರಿತು. ನಗರಸಭೆಗಳ ಟೆಲಿಫೋನುಗಳಿಗೆ ಬಿಡುವಿಲ್ಲದಾಯಿತು. ಸೆಪ್ಟೆಂಬರ್ ಮುಗಿಯುವುದರೊಳಗೆ ಯೋಜನೆಯನ್ನೇ ಕೈಬಿಟ್ಟರು. ಒಂದು ಸುಳ್ಳಿಗೆ ಇಷ್ಟು ಸಾಕಾಯಿತು.

ಇದೇ ಊರಿನಲ್ಲಿ ಇದಕ್ಕಿಂತ ಘೋರವಾದದ್ದು ನಡೆದುಹೋಗಿದೆ. 1923ರ ಸೆಪ್ಟೆಂಬರ್ 1ರಂದು ಮಹಾಭೂಕಂಪವಾಗಿ ಯೋಕೋಹಾಮಾ ನೆಲಸಮವಾಯಿತು. ಕೊರಿಯಾದವರು ಬಾವಿಗೆ ವಿಷ ಹಾಕುತ್ತಿದ್ದಾರೆ, ಬೆಂಕಿ ಇಡುತ್ತಿದ್ದಾರೆ ಎಂಬ ಗಾಳಿಸುದ್ದಿ ಹಬ್ಬಿತು. ಕೋಲು, ಕತ್ತಿ ಹಿಡಿದ ಜನ ಸಾವಿರಾರು ಕೊರಿಯನ್ನರನ್ನು ಕೊಂದರು. ಅನುಮಾನ ಬಂದವರಿಂದ ಕೆಲವು ಜಪಾನಿ ಮಾತುಗಳನ್ನು ಹೇಳಿಸುತ್ತಿದ್ದರು. ನಾಲಿಗೆ ಹೊರಳದಿದ್ದರೆ ಪ್ರಾಣ ಹೋಯಿತು. ಚಿಬಾ ಪ್ರಾಂತದ ಫುಕುದಾ ಹಳ್ಳಿಯಲ್ಲಿ, ಕಾಗಾವಾದಿಂದ ಮದ್ದು ಮಾರಲು ಬಂದಿದ್ದ 9 ಮಂದಿ ಜಪಾನೀಯರೇ ಸತ್ತರು. ಅವರ ಮಾತಿನ ಧಾಟಿ ಆ ಕಡೆಯವರದಾಗಿರಲಿಲ್ಲ. ಮಂಗಳೂರಿನ ಕನ್ನಡವನ್ನೂ ಧಾರವಾಡದ ಕನ್ನಡವನ್ನೂ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಗ ಇಲ್ಲಿದ್ದ ಭಾರತೀಯ ವರ್ತಕರಲ್ಲಿಯೂ ಹಲವರು ಭೂಕಂಪಕ್ಕೆ ತುತ್ತಾದರು. ಉಳಿದವರಲ್ಲಿ ಬಹಳ ಮಂದಿ ಕೋಬೆಗೆ ಹೋದರು. ಊರಿನವರು ಅವರಿಗೆ ನೆರವಾದರು, ಮರಳಿ ಕರೆತರಲೂ ಮುಂದಾದರು. ಆ ಉಪಕಾರದ ನೆನಪಿಗೆ ಭಾರತೀಯರು 1939ರಲ್ಲಿ ನಗರಕ್ಕೆ ಒಪ್ಪಿಸಿದ್ದೇ ಯಾಮಾಶಿತಾ ಉದ್ಯಾನದ ನೀರಿನ ಮಂಟಪ. ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ ಫೋಟೋ ತೆಗೆಯದ ಮನೆ ನಮ್ಮಲ್ಲಿಲ್ಲ. ಆದರೆ ಒಂದೇ ಊರು, ಅದೇ ದಿನಗಳು: ಒಬ್ಬ ಪರದೇಶಿಗೆ ಆಸರೆ, ಇನ್ನೊಬ್ಬನಿಗೆ ಕತ್ತಿ. ನಮ್ಮ ಸರದಿ ಯಾವ ಕಡೆ ಬಿದ್ದಿತು ಎಂಬುದರಲ್ಲಿ ನಮ್ಮ ಯೋಗ್ಯತೆಯ ಪಾತ್ರ ಏನೂ ಇರಲಿಲ್ಲ.

ಅಂಥ ಹೊತ್ತಿನಲ್ಲೂ ತ್ಸುರುಮಿಯ ಪೊಲೀಸ್ ಮುಖ್ಯಾಧಿಕಾರಿ ಓಕಾವಾ ತ್ಸುನೆಕಿಚಿ ಸುಮಾರು 300 ಕೊರಿಯನ್ನರನ್ನು ಠಾಣೆಯೊಳಗೆ ಸೇರಿಸಿ, ಗುಂಪಿಗೆ ಎದುರು ನಿಂತರು. 1953ರಲ್ಲಿ ಕೊರಿಯನ್ನರು ತ್ಸುರುಮಿಯ ತೋಝೆನ್‌ಜಿ ದೇವಾಲಯದಲ್ಲಿ ಅವರಿಗೆ ಕಲ್ಲು ನಿಲ್ಲಿಸಿದ್ದಾರೆ. ಅಲ್ಲಿ ಫೋಟೋ ತೆಗೆಸಿಕೊಂಡ ನಮ್ಮವರು ವಿರಳ.

ಜಪಾನನ್ನು ದೂರಲು ಇದನ್ನೆಲ್ಲ ಬರೆಯುತ್ತಿಲ್ಲ. ನಮ್ಮ ಬೆಂಗಳೂರಿನಲ್ಲೇ 2012ರ ಆಗಸ್ಟಿನಲ್ಲಿ ಗಾಳಿಸುದ್ದಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗುವಾಹಟಿಯ ವಿಶೇಷ ರೈಲುಗಳನ್ನು ಹತ್ತಿದರು. 2016ರಲ್ಲಿ ಹೆಸರಘಟ್ಟದ ಬಳಿ ಸುಡಾನಿನವನೊಬ್ಬನ ಕಾರಿನಿಂದ ಆದ ಸಾವಿಗೆ, ಆಮೇಲೆ ಆ ದಾರಿಯಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿ ಹೊಡೆತ ತಿಂದಳು. ಜನ ನೋಡಿದ್ದು ಬಣ್ಣವನ್ನು ಮಾತ್ರ.

ಕಾನೂನು ಬೇಕು, ನಿಜ. 2016ರಲ್ಲಿ ದ್ವೇಷಭಾಷಣದ ವಿರುದ್ಧ ದೇಶಕ್ಕೊಂದು ಕಾಯಿದೆ ಬಂತು, ಅದರಲ್ಲಿ ದಂಡನೆ ಇಲ್ಲ. ಪಕ್ಕದ ಕಾವಾಸಾಕಿ 2019ರಲ್ಲಿ 5 ಲಕ್ಷ ಯೆನ್‌ವರೆಗೆ ದಂಡದ ನಿಯಮ ಮಾಡಿತು. ಆದರೆ ಬಾಡಿಗೆ ಮನೆಯ ಏಜೆಂಟನ ಮೇಜಿನ ಮುಂದೆ ಈ ಕಾನೂನುಗಳು ಕೆಲಸಕ್ಕೆ ಬರುವುದು ಕಡಮೆ. ನ್ಯಾಯ ಸಚಿವಾಲಯ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಹಿಂದಿನ 5 ವರ್ಷಗಳಲ್ಲಿ ಮನೆ ಹುಡುಕಿದ ಪರದೇಶೀಯರಲ್ಲಿ 100ಕ್ಕೆ ಸುಮಾರು 39 ಮಂದಿಗೆ ಪರದೇಶಿ ಎಂಬ ಕಾರಣಕ್ಕೇ ಇಲ್ಲ ಎನ್ನಿಸಿಕೊಂಡ ಅನುಭವ. ಅಲ್ಲಿ ಬೇಕಾದವರು ಜಪಾನಿ ಬಲ್ಲ ಒಬ್ಬರು, ಜೊತೆಗೆ ಕೂತು ಮಾತನಾಡಲು. ಹೊಸದಾಗಿ ಬಂದ ಕನ್ನಡದ ಹುಡುಗನ ಜೊತೆ ನಾವು ಹೋಗುತ್ತೇವೆ. ಮಗ್ಗುಲು ಮನೆಯ ನೇಪಾಳಿ ಅಡುಗೆಯವನ ಜೊತೆಗೂ, ವಿಯೆಟ್ನಾಮಿನ ಹುಡುಗಿಯ ಜೊತೆಗೂ ಅರ್ಧ ದಿನ ಹೋಗಬಹುದಲ್ಲ!

ಇನ್ನು ಬಡಾವಣೆಯ ಸಂಘ, ಇಲ್ಲಿಯವರು ಚೋನಾಯ್‌ಕಾಯ್ ಎನ್ನುವುದು. ಚಂದಾ ಕೊಟ್ಟು ಮುಖ ತೋರಿಸದಿರುವುದು ನಮ್ಮಲ್ಲಿ ಸಾಮಾನ್ಯ. ಭಾನುವಾರದ ನಿದ್ದೆ ಕೆಡುತ್ತದೆ, ಒಪ್ಪಿದೆವು. ಆದರೆ 1995ರ ಕೋಬೆ ಭೂಕಂಪದಲ್ಲಿ ಅವಶೇಷಗಳಡಿಯಿಂದ ಬಹುಪಾಲು ಜನರನ್ನು ಎಳೆದು ತೆಗೆದವರು ಮನೆಯವರು ಮತ್ತು ನೆರೆಹೊರೆಯವರು. ಕಸ ಇಡುವ ಜಾಗ ಗುಡಿಸುವ ಸರದಿಯಲ್ಲಿ, ಸೆಪ್ಟೆಂಬರಿನ ಭೂಕಂಪದ ಕವಾಯತಿನಲ್ಲಿ ನಮ್ಮನ್ನು ಕಂಡ ಅಜ್ಜಿ, "ಆ ಮನೆಯ ಭಾರತೀಯರು" ಎನ್ನುವ ಬದಲು ನಮ್ಮ ಹೆಸರು ಹೇಳುತ್ತಾಳೆ. ಗಾಳಿಸುದ್ದಿ ಬಂದ ದಿನ ಆ ಹೆಸರೇ ಕಾಯುವುದು.

ನಮ್ಮ ಮನೆಯೊಳಗಿನ ಮಾತೂ ಇದೆ. ಮಕ್ಕಳ ಎದುರಿಗೆ ಬಣ್ಣ ಕುರಿತ ಹಾಸ್ಯ, ಹೊಸಬರು ಬಂದೊಡನೆ "ಯಾವ ಪೈಕಿ?" ಎಂಬ ವಿಚಾರಣೆ, "ಆ ದೇಶದವರೆಲ್ಲ ಹಾಗೇ" ಎಂಬ ತೀರ್ಮಾನ. ಶಾಲೆಯಲ್ಲಿ ತಮ್ಮ ಊಟದ ಡಬ್ಬಿಯ ವಾಸನೆಗೆ ಮೂಗು ಮುರಿದರೆಂದು ಅಳುತ್ತ ಬರುವ ಮಕ್ಕಳು ಇದನ್ನೂ ಕೇಳಿಸಿಕೊಳ್ಳುತ್ತಿವೆ. ಕಾರಣ, ಅಂಥ ಸಂದೇಶ ನಮ್ಮ ಬಳಗದ ಗುಂಪಿಗೆ ಬಂದರೆ "ಇದು ಎಲ್ಲಿಂದ ಬಂತು, ಸ್ವಾಮೀ?" ಎಂದು ಯಾರಾದರೊಬ್ಬರು ಕೇಳಲಿ. ಕೇಳಿದವರನ್ನು ಜಗಳಗಂಟರೆನ್ನಬೇಡಿ.

ರಾಜ್ಯೋತ್ಸವಕ್ಕೆ ಪ್ರತಿ ಸಲ ಅಧಿಕಾರಿಗಳಿಗೆ ಆಮಂತ್ರಣ ಹೋಗುತ್ತದೆ. ಈ ಬಾರಿ ಪ್ರತಿ ಕುಟುಂಬವೂ ತನ್ನ ಕಟ್ಟಡದಿಂದ ಒಂದು ನೆರೆಮನೆಯನ್ನು, ಅವರು ಯಾವ ದೇಶದವರೇ ಆಗಲಿ, ಕರೆತರಬೇಕೆಂಬುದು ನಮ್ಮ ಸಲಹೆ. ಎಲೆ ಎಷ್ಟು ಹಾಕಬೇಕೆಂಬ ಲೆಕ್ಕವನ್ನು ಕಾರ್ಯದರ್ಶಿಗಳಿಗೆ 2 ವಾರ ಮೊದಲೇ ತಿಳಿಸಿ. ಬಿಸಿಬೇಳೆ ಬಾತಿಗೆ ಖಾರ ಸ್ವಲ್ಪ ಕಡಮೆ ಇರಲಿ.