ಟೈರ್ ಸೈಜ್ ಬದಲಿಸಿದರೆ ಲಾರಿಯ ಮೈಲೇಜ್ ಹೆಚ್ಚುತ್ತದೆಯೇ?

ಶೆಟ್ಟಿಕೆರೆ, ತಿಪಟೂರು, ತುರುವೇಕೆರೆ ಕಡೆಯಿಂದ ಕಾಯಿ, ಕೊಬ್ಬರಿ ಹೊತ್ತು ಉತ್ತರ ಭಾರತದವರೆಗೆ ಓಡುವ ಲಾರಿಗಳಿಗೆ ಡೀಸೆಲ್ಲೇ ದೊಡ್ಡ ಖರ್ಚು. ಹಾಗಾಗಿ ‘ಟೈರ್ ಸೈಜ್ ಬದಲಿಸಿ, ಮೈಲೇಜ್ ಹೆಚ್ಚಿಸಿ’ ಎಂಬ ಮಾತು ಬೇಗ ಹಬ್ಬುತ್ತದೆ. ಇದು ಎಷ್ಟು ನಿಜ? ನೋಡೋಣ.

ಮೀಟರ್ ಹೇಳುವ ಸುಳ್ಳು

ಲಾರಿಯ ಮೀಟರ್ ರಸ್ತೆಯನ್ನು ಅಳೆಯುವುದಿಲ್ಲ, ಚಕ್ರದ ಸುತ್ತುಗಳನ್ನು ಎಣಿಸಿ ಕಿಲೋಮೀಟರ್ ತೋರಿಸುತ್ತದೆ. 10.00-20 ಟೈರ್ ಇದ್ದಲ್ಲಿ 9.00-20 ಹಾಕಿದರೆ ಸುತ್ತಳತೆ ಸುಮಾರು ಶೇ. 3ರಷ್ಟು ಕಡಿಮೆಯಾಗುತ್ತದೆ. ಆಗ ಲಾರಿ 100 ಕಿ.ಮೀ. ಓಡಿದರೆ ಮೀಟರ್ 103 ತೋರಿಸುತ್ತದೆ. 25 ಲೀಟರ್ ಡೀಸೆಲ್ ಖರ್ಚಾಗಿದ್ದರೆ 4 ಇರಬೇಕಾದ ಮೈಲೇಜ್ 4.12 ಆಗಿ ಕಾಣುತ್ತದೆ. ಆದರೆ ಒಂದು ಹನಿ ಡೀಸೆಲ್ಲೂ ಉಳಿದಿಲ್ಲ! ದೊಡ್ಡ ಟೈರ್ ಹಾಕಿದರೆ ಇದಕ್ಕೆ ತದ್ವಿರುದ್ಧ. ಸಮತಟ್ಟಾದ ಹೈವೇಯಲ್ಲಿ ಎಂಜಿನ್ ಸ್ವಲ್ಪ ನಿಧಾನವಾಗಿ ತಿರುಗುವುದು ನಿಜ, ಆದರೆ ಲೋಡ್ ಹೊತ್ತು ಏರು ಹತ್ತುವಾಗ ಬೇಗ ಗೇರ್ ಇಳಿಸಬೇಕಾಗುತ್ತದೆ.

ಅಪಾಯವೂ ಇದೆ

ಸಣ್ಣ ಟೈರ್ ಹೊರಬಲ್ಲ ಭಾರ ಕಡಿಮೆ. ಲೋಡ್ ಹೆಚ್ಚಾದರೆ ಬಿಸಿಯಾಗಿ ಸಿಡಿಯಬಹುದು. ಅಗಲದ ಟೈರ್ ಹಾಕಿದರೆ ಹಿಂದಿನ ಜೋಡಿ ಚಕ್ರಗಳು ಒಂದಕ್ಕೊಂದು ಉಜ್ಜಬಹುದು.

ಹಾಗಾದರೆ ಉಳಿತಾಯ ಎಲ್ಲಿ?

ಟೈರ್ ಉರುಳುವಾಗ ಬಾಗಿ ಬಿಸಿಯಾದಷ್ಟೂ ಡೀಸೆಲ್ ವ್ಯರ್ಥ. ಅದೇ ಸೈಜಿನ ರೇಡಿಯಲ್ ಟೈರ್ ಹಳೆಯ ನೈಲಾನ್ ಟೈರಿಗಿಂತ ಕಡಿಮೆ ಬಿಸಿಯಾಗುತ್ತದೆ. ಟೈರ್ ತಣ್ಣಗಿರುವಾಗಲೇ ಗಾಳಿ ನೋಡಿ, ಕಂಪನಿ ಹೇಳಿದಷ್ಟು ತುಂಬಿಸಿ. ಮೈಲೇಜ್ ಲೆಕ್ಕಕ್ಕೆ ಮೊಬೈಲ್ ಜಿಪಿಎಸ್ ತೋರಿಸುವ ದೂರವನ್ನು ಬಳಸಿ.

ಸೈಜ್ ಬದಲಿಸಿ ಡೀಸೆಲ್ ಉಳಿಸಿ ಎನ್ನುವ ಸಂದೇಶ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಈ ಲೆಕ್ಕವನ್ನೂ ಕಳುಹಿಸಿ.