ಡ್ರೈಯರ್ ಒಲೆಯ ಶಾಖಕ್ಕೆ ಲೆಕ್ಕ ಬೇಡವೇ?



ಕಳೆದ ವರ್ಷ ಅಕ್ಟೋಬರ್ ಮಳೆಯಲ್ಲಿ ನನ್ನ ನಾಲ್ಕು ಮೂಟೆ ಕೆಂಪಡಿಕೆ ಕೆಟ್ಟಿತು. ಸಂಘದ ಕಾರ್ಯದರ್ಶಿಯ ಮಾಲೇ ಗ್ರೇಡಿನಲ್ಲಿ ಕೆಳಗೆ ಬಿದ್ದಿತೆಂದು ಕೆಲವರು ನಕ್ಕದ್ದು ನನ್ನ ಕಿವಿಗೂ ಬಿದ್ದಿದೆ. ನಗಲಿ, ತಪ್ಪು ನನ್ನದೇ. ಚೊಗರಿನಲ್ಲಿ ಬೇಯಿಸಿ ಅಂಗಳಕ್ಕೆ ಹಾಕಿದ ಅಡಿಕೆಗೆ ಮೂರು ದಿನ ಬಿಸಿಲು ಸಿಗಲಿಲ್ಲ. ಎಲ್ಲವನ್ನೂ ಡ್ರೈಯರ್ ತಟ್ಟೆಗೆ ತುಂಬಿ, ಬೇಗ ಒಣಗಲೆಂದು ರಾತ್ರಿಯಿಡೀ ಉರಿ ಜೋರು ಮಾಡಿಸಿದೆ. ಬೆಳಿಗ್ಗೆ ಕೈಗೆ ತೆಗೆದುಕೊಂಡರೆ ಗಟಗಟ ಸದ್ದು, ಒಳ್ಳೆಯ ಬಣ್ಣ. ಮೂಟೆ ಕಟ್ಟಿದೆವು. ತಿಂಗಳು ಕಳೆದು ಒಡೆದು ನೋಡಿದಾಗ ಒಳಗೆ ಬೂಷ್ಟು! ಹೊರಗಿನ ಪದರ ಅತಿ ಶಾಖಕ್ಕೆ ಬೇಗ ಗಟ್ಟಿಯಾಗಿ, ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಅಲ್ಲೇ ಉಳಿದುಬಿಟ್ಟಿತ್ತು.

ಹಿಂದೆ ಹೀಗಾಗುತ್ತಿರಲಿಲ್ಲ. ಮೂವತ್ತು ವರ್ಷ ನಮ್ಮ ಒಲೆ ನೋಡಿಕೊಂಡ ಹಿರಿಯರೊಬ್ಬರು ತಟ್ಟೆಯ ಅಡಿಗೆ ಅಂಗೈ ಒಡ್ಡಿ, "ಸಾಕು, ಒಂದು ಕೊಳ್ಳಿ ಎಳೀರಿ" ಎನ್ನುತ್ತಿದ್ದರು. ಈಗ ಅವರ ಕಣ್ಣು ಮಂಜಾಗಿದೆ, ಮಗನ ಮನೆ ಸೇರಿದ್ದಾರೆ. ಅವರ ಅಂಗೈಗೆ ತಿಳಿದಿದ್ದ ಶಾಖ ಎಷ್ಟು ಡಿಗ್ರಿಯೆಂದು ಆ ಮೂವತ್ತು ವರ್ಷದಲ್ಲಿ ಒಂದು ದಿನವಾದರೂ ಅಳೆದು ಬರೆದಿಡಬೇಕೆಂದು ಬಿ.ಎಸ್ಸಿ. ಓದಿದ ನನಗೆ ಹೊಳೆಯಲಿಲ್ಲ. ನಿಮ್ಮಲ್ಲೂ ಹಲವರ ಮನೆಯ ಕಥೆ ಇದೇ ಇರಬೇಕು. ಹೊಸದಾಗಿ ಬರುವ ಆಳು ರಾತ್ರಿ ಒಲೆಯ ಮುಂದೆ ಕೂರುವುದಿಲ್ಲ. ಕೂತರೂ ಅವನಿಗೆ ಆ ಅಂದಾಜು ಇಲ್ಲ.

ನನ್ನ ಕಣ್ಣು ತೆರೆದದ್ದು ಅಡಿಕೆಯೂ ಕಾಫಿಯೂ ಬೆಳೆಯದ ಸೀಮೆಯಲ್ಲಿ. ನನ್ನ ಮಗಳನ್ನು ಬಾದಾಮಿ ತಾಲ್ಲೂಕಿನ ಕೆರೂರಿಗೆ ಕೊಟ್ಟಿದೆ. ಜನವರಿಯಲ್ಲಿ ಹೋಗಿದ್ದಾಗ ಬೀಗರು ಮುಧೋಳದ ಕಡೆಯ ತಮ್ಮ ನೆಂಟರ ಬೆಲ್ಲದ ಗಾಣಕ್ಕೆ ಕರೆದುಕೊಂಡು ಹೋದರು. ಆ ಭಾಗದ ಮಹಾಲಿಂಗಪುರದ ಬೆಲ್ಲದ ಪೇಟೆಯ ಹೆಸರು ನೀವೂ ಕೇಳಿರುತ್ತೀರಿ. ಕಬ್ಬಿನ ಸಿಪ್ಪೆಯ ಉರಿ, ಮೇಲೆ ದೊಡ್ಡ ಕೊಪ್ಪರಿಗೆ, ಪಾಕ ನೋಡಲು ಒಬ್ಬ ಅಜ್ಜ. ಇವೆಲ್ಲ ಹಳೆಯದೇ. ಆದರೆ ಕಂಬಕ್ಕೆ ಒಂದು ಪ್ಲಾಸ್ಟಿಕ್ ಡಬ್ಬಿ ಕಟ್ಟಿತ್ತು, ಅದರಲ್ಲಿ ಕೆಂಪು ಅಂಕಿಗಳು ಬೆಳಗುತ್ತಿದ್ದವು. ರಸ ಗಟ್ಟಿಯಾದಂತೆ ಅದು ಕುದಿಯುವ ಶಾಖವೂ ಏರುತ್ತದೆ. ಅಂಕಿ 112, 115 ಎಂದು ಮೇಲೇರಿತು. 118ರ ಹತ್ತಿರ ಬಂದಾಗ ಅಜ್ಜ ಒಂದು ಹನಿ ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ ನೋಡಿ, ಕೊಪ್ಪರಿಗೆ ಇಳಿಸಲು ಹೇಳಿದರು. ಅಚ್ಚು ಬೆಲ್ಲ ಇಳಿಸುವ ಹದ 116ರಿಂದ 118 ಡಿಗ್ರಿ. ಅಜ್ಜನ ಬೆರಳೂ ಡಬ್ಬಿಯೂ ಒಂದೇ ಮಾತು ಹೇಳಿದ್ದನ್ನು ನಾನು ಕಣ್ಣಾರೆ ಕಂಡೆ.

ಡಬ್ಬಿ ಯಾವ ಕಂಪನಿಯದೆಂದು ಕೇಳಿದೆ. ಅಳಿಯನ ತಮ್ಮ ನಕ್ಕು, "ಕಂಪನೀದ ಅಲ್ರಿ ಮಾವಾರ, ಮನ್ಯಾಗ ಮಾಡಿದ್ದು. ಅಜ್ಜಾರ ಕೈಗೆ ಗೊತ್ತಿರೂದನ್ನ ನಮ್ಮ ಕಣ್ಣಿಗೆ ತೋರಸ್ತೈತಿ, ಅಷ್ಟ" ಎಂದ. ಅವನು ಐ.ಟಿ.ಐ. ಓದಿದ ಹುಡುಗ.

ಊರಿಗೆ ಬಂದು ನಾನೂ ಮಾಡಿದೆ. ಇಟಲಿಯಲ್ಲಿ 2005ರಲ್ಲಿ ವಿದ್ಯಾರ್ಥಿಗಳಿಗಾಗಿ ಶುರುವಾದ ಆರ್ಡುಯಿನೋ ಎಂಬ ಪುಟ್ಟ ಫಲಕ, ಅಂಕಿ ತೋರಿಸುವ ಪರದೆ, ಶಾಖ ತಿಳಿಯುವ ಕಡ್ಡಿ, ಮೊಬೈಲ್ ಚಾರ್ಜರ್, ಇಷ್ಟೇ ಸಾಮಾನು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿದೆ, ಎಲ್ಲ ಸೇರಿ ಸಾವಿರ ರೂಪಾಯಿಯೊಳಗೆ ಮುಗಿಯಿತು. ಕರೆಂಟು ಹೋದರೆ ಪವರ್ ಬ್ಯಾಂಕಿನಿಂದಲೂ ನಡೆಯುತ್ತದೆ.

ಮೊದಲ ಪ್ರಯತ್ನದಲ್ಲಿ ಪೆಟ್ಟು ತಿಂದೆ, ನೀವು ತಿನ್ನಬೇಡಿ. ಅಗ್ಗದ ಡಿ.ಎಸ್. 18ಬಿ20 ಕಡ್ಡಿಯನ್ನು ಹೊಗೆಕೊಳವೆಗೆ ಇಳಿಸಿದೆ. ಅದರ ಮಿತಿ 125 ಡಿಗ್ರಿ, ತಂತಿಯ ಪ್ಲಾಸ್ಟಿಕ್ ಕರಗಿ ನಾರಿತು. ಅದನ್ನು ತಟ್ಟೆಯ ಅಡಿಯ ಗಾಳಿಗೆ ಇಡಬೇಕು, ಅಲ್ಲಿಗೆ ಅದು ಬಹಳ ಚೆನ್ನ. ಹೊಗೆಕೊಳವೆಗೆ ಬೇಕಾದದ್ದು ಕೆ ಮಾದರಿಯ ಥರ್ಮೋಕಪಲ್. ಎರಡು ಬೇರೆ ಬೇರೆ ಲೋಹದ ತಂತಿಗಳ ತುದಿ ಬೆಸೆದು ಬಿಸಿ ಮಾಡಿದರೆ ಅತಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ, ಒಂದು ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್. ಅದನ್ನು ಓದಲು ಮ್ಯಾಕ್ಸ್ 6675 ಎಂಬ ಚಿಪ್ ಬೇಕು. ತಂತಿ ಅದಲುಬದಲಾದರೆ ಉರಿ ಏರಿದಂತೆ ಅಂಕಿ ಇಳಿಯುತ್ತದೆ. ನಾನು ಅರ್ಧ ದಿನ ಒಲೆಯನ್ನೇ ಬೈದೆ. ಇನ್ನು, ತಂತಿ ಸಾಲದೆಂದು ಮನೆಯ ತಾಮ್ರದ ವೈರನ್ನು ಸೇರಿಸಬೇಡಿ, ಲೆಕ್ಕ ತಪ್ಪುತ್ತದೆ. ಡಬ್ಬಿಯನ್ನೇ ಹತ್ತಿರ ಇಡಿ, ಆದರೆ ಅದಕ್ಕೆ ಒಲೆಯ ಝಳ ತಾಗದಿರಲಿ.

ಎರಡು ಕಡೆ ಅಳೆಯುವುದೇಕೆ? ತಟ್ಟೆಯ ಅಂಕಿ ಮಾಲಿನ ಸಲುವಾಗಿ, ಕೊಳವೆಯ ಅಂಕಿ ಸೌದೆಯ ಸಲುವಾಗಿ. ನನ್ನ ಕೆಂಪಡಿಕೆಗೆ 60ರ ಆಸುಪಾಸು ಹದವಾಗಿ ಕಂಡಿದೆ. ಪಾರ್ಚ್‌ಮೆಂಟ್ ಕಾಫಿಯಾದರೆ ಬೀಜದ ಶಾಖ 40 ದಾಟದಂತೆ ನೋಡಿಕೊಳ್ಳಬೇಕು, ದಾಟಿದರೆ ಕಪ್ಪಿನಲ್ಲಿ ಗೊತ್ತಾಗುತ್ತದೆ. ಕೊಳವೆಯಲ್ಲಿ ಶಾಖ ಮುನ್ನೂರಕ್ಕೆ ಏರಿದರೆ ನಾವು ಆಕಾಶ ಕಾಯಿಸುತ್ತಿದ್ದೇವೆ ಎಂದರ್ಥ. 120ಕ್ಕಿಂತ ಕೆಳಗೇ ನಿಂತರೆ ಕೊಳವೆಯೊಳಗೆ ಡಾಂಬರಿನಂಥ ಮಸಿ ಕಟ್ಟುತ್ತದೆ, ಮುಂದೊಂದು ದಿನ ಅದೇ ಹೊತ್ತಿಕೊಳ್ಳುತ್ತದೆ. ಹಸಿ ಸಿಲ್ವರ್ ಓಕ್ ತುಂಡು ಹಾಕಿದಾಗ ಆ ಅಂಕಿ ಹೇಗೆ ಕುಸಿಯುತ್ತದೆಂದು ಒಮ್ಮೆ ನೋಡಿ. ಸೌದೆಯಲ್ಲಿರುವ ಒಂದು ಕಿಲೋ ನೀರು ಆವಿಯಾಗಲು ಸುಮಾರು 540 ಕಿಲೋ ಕ್ಯಾಲೊರಿ ಶಾಖ ಬೇಕು. ಅದು ನಮ್ಮ ಅಡಿಕೆಗೆ ಸಿಗಬೇಕಾದ ಶಾಖ.

ಆಡಳಿತ ಮಂಡಳಿಯ ಸಭೆಯಲ್ಲಿ ಈ ಮಾತೆತ್ತಿದಾಗ ಹಿರಿಯ ಸದಸ್ಯರೊಬ್ಬರು, "ನೀವು ಡಿಗ್ರಿ ಓದಿದವರು, ನಿಮಗೆ ಸರಿ. ನಮಗೆ ಸಂಘದಿಂದ ಕಂಪನಿ ಮೀಟರೇ ತರಿಸಿಕೊಡಿ" ಎಂದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಹಣದ ಮಾತು ಹಾಗಿರಲಿ. ಕೆಟ್ಟ ಮೀಟರನ್ನು ಬಿಚ್ಚಿ ನೋಡಲು ತಿಳಿದವರು ಊರಲ್ಲಿ ಇಲ್ಲದಿದ್ದರೆ ಅದು ಎರಡನೆಯ ವರ್ಷ ಅಟ್ಟ ಸೇರುತ್ತದೆ. ನಮ್ಮ ಅಟ್ಟಗಳಲ್ಲಿ ಅಂಥ ಸಾಮಾನಿಗೇನೂ ಕೊರತೆಯಿಲ್ಲ! ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಮನೆಗೆ ಅಸ್ತ್ರ ಒಲೆ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರದಲ್ಲಿ ಸೌದೆ ತೂಗಿ, ನೀರಿನ ಶಾಖ ಅಳೆದು ರೂಪಿಸಿದ ಒಲೆ ಅದು. ನಮ್ಮ ಮನೆಗೆ ಕಟ್ಟಿದ ಗಾರೆಯವನು ಅಳತೆ ಬಿಟ್ಟು ಕಣ್ಣಂದಾಜಿನಲ್ಲಿ ಕಟ್ಟಿದ. ಒಲೆ ಹೊಗೆಯಾಡಿತು. ಅಮ್ಮ ಎರಡು ತಿಂಗಳಲ್ಲಿ ಅದನ್ನು ಒಡೆಸಿ ಹಳೆಯದನ್ನೇ ಹೂಡಿಸಿದರು. ಆ ಒಲೆಯ ಅಳತೆ ಏಕೆ ಹಾಗಿದೆಯೆಂದು ಮನೆಯಲ್ಲಿ ಒಬ್ಬರಿಗಾದರೂ ತಿಳಿದಿದ್ದರೆ ಗಾರೆಯವನನ್ನು ಅಲ್ಲೇ ತಡೆಯುತ್ತಿದ್ದೆವು.

ನಮ್ಮ ಮನೆಗಳಲ್ಲಿ ಪಾಲಿಟೆಕ್ನಿಕ್, ಐ.ಟಿ.ಐ. ಓದುವ ಹುಡುಗ ಹುಡುಗಿಯರಿಗೆ ಬರವೇ? ನನ್ನ ಡಬ್ಬಿಯ ಬೆಸುಗೆ ಹಾಕಿದ್ದು ಪಕ್ಕದ ಮನೆಯ ಡಿಪ್ಲೊಮಾ ಹುಡುಗಿ, ಒಂದು ಸಂಜೆಯ ಕೆಲಸ. ಅವಳೇ ಅದಕ್ಕೊಂದು ಗಂಟೆಯನ್ನೂ ಸೇರಿಸಿಕೊಟ್ಟಳು. ತಟ್ಟೆಯ ಶಾಖ 70 ದಾಟಿದರೆ ರಾತ್ರಿ ನಾನು ಮಲಗಿದಲ್ಲಿಗೆ ಕೇಳುವಂತೆ ಅರಚುತ್ತದೆ. ನಮ್ಮ ಮನೆಯವರಿಗೆ ಅದರ ಮೇಲೆ ಸಿಟ್ಟಿದೆ, ಅದು ಬೇರೆ ಮಾತು.

ಹಾಗೆಂದು ಈ ಡಬ್ಬಿ ಎಲ್ಲವನ್ನೂ ಹೇಳುತ್ತದೆಂದು ಭ್ರಮಿಸಬಾರದು. ಅದು ಅಳೆಯುವುದು ಶಾಖವನ್ನು, ತೇವವನ್ನಲ್ಲ. ಅಡಿಕೆಯನ್ನು ಕತ್ತರಿಸಿಯೇ ನೋಡಬೇಕು, ಕಾಫಿಯನ್ನು ತೇವದ ಮೀಟರಿಗೆ ಕೊಡಲೇಬೇಕು. ಕಾಫಿಗೆ ಹೊಗೆವಾಸನೆ ಹತ್ತಿದರೂ ಅದಕ್ಕೆ ತಿಳಿಯದು. ಎಲ್ಲಕ್ಕಿಂತ ಮುಖ್ಯವಾಗಿ, ಬಾಗಿಲು ಮುಚ್ಚಿದ ಡ್ರೈಯರ್ ಮನೆಯಲ್ಲಿ ತುಂಬುವ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಂಕಿ ಸರಿಯಾಗಿದೆಯೆಂದು ಯಾರೂ ಒಳಗೆ ಮಲಗಕೂಡದು.

ಡಬ್ಬಿ ಮಾಡಿದವರು ಅದನ್ನು ಪರೀಕ್ಷಿಸದೆ ನಂಬಬೇಡಿ. ಪುಡಿ ಮಾಡಿದ ಐಸನ್ನು ಸ್ವಲ್ಪ ನೀರಿನಲ್ಲಿ ಕಲಸಿ ಕಡ್ಡಿ ಅದ್ದಿದರೆ ಸೊನ್ನೆ ತೋರಿಸಬೇಕು. ಕುದಿಯುವ ನೀರಿನಲ್ಲಿ ನೂರು ಬರಲಿಲ್ಲವೆಂದು ಗಾಬರಿಯಾಗಬೇಡಿ, ನಮ್ಮ ಕೊಪ್ಪದ ಎತ್ತರದಲ್ಲಿ ನೀರು 97ರ ಆಸುಪಾಸಿನಲ್ಲೇ ಕುದಿಯುತ್ತದೆ. ಸಂಘದ ಕಚೇರಿಗೆ ಒಂದು ಒಳ್ಳೆಯ ಪಾದರಸದ ಥರ್ಮಾಮೀಟರ್ ಕೊಳ್ಳಲು ಮುಂದಿನ ಮಹಾಸಭೆಯಲ್ಲಿ ಸೂಚನೆ ಮಂಡಿಸುತ್ತೇನೆ. ವಿರೋಧಿಸುವವರು ದಯವಿಟ್ಟು ಸಭೆಗೇ ಬಂದು ವಿರೋಧಿಸಿ, ಬಸ್ ಸ್ಟ್ಯಾಂಡಿನಲ್ಲಿ ಬೇಡ. ಅಲ್ಲಿಯವರೆಗೆ ನನ್ನ ಮನೆಯ ಥರ್ಮಾಮೀಟರನ್ನೇ ಶನಿವಾರ ಮಧ್ಯಾಹ್ನ ಕಚೇರಿಗೆ ತಂದಿಟ್ಟಿರುತ್ತೇನೆ. ಡಬ್ಬಿ ತಂದವರು ಐಸನ್ನೂ ಜೊತೆಗೆ ತನ್ನಿ, ಕಚೇರಿಯ ಫ್ರಿಜ್ ಕೆಟ್ಟು ಬಹಳ ಕಾಲವಾಗಿದೆ.