ವಾಲ್ಯೂಮ್ ಏರಿಸಿದರೆ ಮಾತು ತಿಳಿಯದು

ಎಪ್ಪತ್ತು ದಾಟಿದ ನಿವೃತ್ತ ಶಿಕ್ಷಕರೊಬ್ಬರು ಕಿವಿ ತೋರಿಸಲು ಬಂದಿದ್ದರು. ‘ಡಾಕ್ಟ್ರೇ, ನನ್ನ ಕಿವಿ ಕೈಕೊಟ್ಟಿತು ಅಂತ ಕಾಣುತ್ತೆ. ಸಂಜೆ ಹೊತ್ತು ಮೊಬೈಲಿನಲ್ಲಿ ಉಪನ್ಯಾಸದ ನೇರಪ್ರಸಾರ ನೋಡ್ತೀನಿ. ಸದ್ದು ಬರುತ್ತೆ, ಮಾತು ತಿಳಿಯೋಲ್ಲ’ ಎಂದರು. ಜತೆಗಿದ್ದ ಸೊಸೆಯ ದೂರು ಬೇರೆ: ‘ಮಾವನವರು ಇಯರ್‌ಫೋನ್ ಹಾಕ್ಕೊಂಡು ಸೌಂಡ್ ಪೂರ್ತಿ ಏರಿಸಿಬಿಡ್ತಾರೆ ಸಾರ್. ಪಕ್ಕದಲ್ಲಿ ಕೂತ ನಮಗೂ ಕೇಳುತ್ತೆ.’

ಕಿವಿಯೊಳಗೆ ನೋಡಿದೆ. ಒಂದು ಕಡೆ ಸ್ವಲ್ಪ ಗುಗ್ಗೆ, ಅಷ್ಟೆ. ಎದುರು ಕುಳಿತು ಮಾತನಾಡುವಾಗ ನನ್ನ ಒಂದು ಪ್ರಶ್ನೆಯನ್ನೂ ಅವರು ಎರಡನೇ ಸಲ ಕೇಳಿಸಿಕೊಳ್ಳಲಿಲ್ಲ. ಅವರ ಮೊಬೈಲಿನಲ್ಲೇ ಹಿಂದಿನ ದಿನದ ಉಪನ್ಯಾಸ ಹಾಕಿಸಿ ಕೇಳಿದೆ. ನಲವತ್ತು ದಾಟಿದ ನನ್ನ ಕಿವಿಗೂ ಅರ್ಧ ಮಾತು ತಿಳಿಯಲಿಲ್ಲ. ನೀರಿನೊಳಗಿಂದ ಮಾತನಾಡಿದ ಹಾಗೆ ಗುಳುಗುಳು. ಚಿತ್ರ ಮಾತ್ರ ಕನ್ನಡಿಯಂತಿತ್ತು. ಉಪನ್ಯಾಸಕರ ಶಾಲಿನ ಜರಿ ಎಣಿಸಬಹುದಿತ್ತು!

ನೇರಪ್ರಸಾರದಲ್ಲಿ ಚಿತ್ರವೂ ಧ್ವನಿಯೂ ಅಂಕಿಗಳಾಗಿ ಹರಿದುಬರುತ್ತವೆ. ಸೆಕೆಂಡಿಗೆ ಎಷ್ಟು ಬಿಟ್ ಹರಿಯುತ್ತದೆ ಎಂಬುದೇ ಬಿಟ್‌ರೇಟ್. ನಲ್ಲಿಯಲ್ಲಿ ನಿಮಿಷಕ್ಕೆ ಎಷ್ಟು ನೀರು ಬರುತ್ತದೆ ಎಂದಂತೆ. ಒಳ್ಳೆಯ ಚಿತ್ರಕ್ಕೆ 4000 ಕಿಲೋಬಿಟ್ ಅಥವಾ ಇನ್ನೂ ಹೆಚ್ಚು ಬೇಕಾಗುತ್ತದೆ. ಧ್ವನಿಗೆ 128 ಇದ್ದರೆ ಸಂಗೀತಕ್ಕೂ ಸಾಕು. ಬರೀ ಮಾತಿಗಾದರೆ ಇಂದಿನ ತಂತ್ರಜ್ಞಾನದಲ್ಲಿ ಅದರ ಕಾಲು ಭಾಗದಲ್ಲೇ ಕೆಲಸವಾಗುತ್ತದೆ. ಲೆಕ್ಕ ಹಾಕಿ ನೋಡಿ: ಒಂದು ಗಂಟೆಯ ಪ್ರಸಾರದಲ್ಲಿ ಚಿತ್ರ ಸುಮಾರು 1800 ಮೆಗಾಬೈಟ್ ತಿಂದರೆ, ಧ್ವನಿ ತಿನ್ನುವುದು 58. ಉಳಿತಾಯ ಮಾಡಬೇಕೆಂದು ಈ 58ಕ್ಕೆ ಕತ್ತರಿ ಹಾಕುವವರನ್ನು ಕಂಡರೆ ನನಗೆ ಸೋಜಿಗ.

ಕತ್ತರಿ ಬೀಳುವ ಜಾಗವನ್ನು ಓದುಗರು ಗಮನಿಸಬೇಕು. ಕಾಲು, ಹಾಲು, ಪಾಲು, ಸಾಲು ಎಂದು ಹೇಳಿ ನೋಡಿ. ನಾಲ್ಕರಲ್ಲೂ ಜೋರಾಗಿ ಕೇಳುವುದು ‘ಆ’ ಮತ್ತು ‘ಉ’ ಎಂಬ ಸ್ವರಗಳು. ಒಂದನ್ನೊಂದು ಬೇರೆ ಮಾಡುವುದು ಮೊದಲಿನ ಮೆಲುವಾದ ವ್ಯಂಜನ. ಸ, ಶ ಮುಂತಾದವುಗಳ ಬಲ ಬಹುಮಟ್ಟಿಗೆ ಹೆಚ್ಚಿನ ಕಂಪನಾಂಕದಲ್ಲಿ ಇರುತ್ತದೆ. ಬಿಟ್‌ರೇಟ್ ತೀರ ಇಳಿಸಿದಾಗ ಸಾಮಾನ್ಯವಾಗಿ ಮೊದಲು ಹೋಗುವುದು ಈ ಮೇಲಿನ ಭಾಗವೇ. ವಯಸ್ಸಾದಂತೆ ಒಳಗಿವಿ ಮೊದಲು ಕಳೆದುಕೊಳ್ಳುವುದೂ ಇದನ್ನೇ. ಎರಡು ನಷ್ಟವೂ ಒಂದೇ ಜಾಗದಲ್ಲಿ! ಆಗ ವಾಲ್ಯೂಮ್ ಏರಿಸಿದರೆ ಏರುವುದು ಸ್ವರಗಳ ಅಬ್ಬರ. ಇಲ್ಲದ ವ್ಯಂಜನ ಎಲ್ಲಿಂದ ಬಂದೀತು?

ಪರಿಣಾಮವೆಂದರೆ, ಇನ್ನಷ್ಟು ಏರಿಸುತ್ತಾರೆ. ಒಳಗಿವಿಯ ಶಂಖದಂಥ ಕೋಶದಲ್ಲಿ ಸುಮಾರು 15,000 ರೋಮಕೋಶಗಳಿವೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆಯವರೆಗೆ ಕೇಳಬಹುದು. ಪ್ರತಿ 3 ಡೆಸಿಬೆಲ್ ಏರಿಕೆಗೂ ಈ ಅವಧಿ ಅರ್ಧಕ್ಕೆ ಇಳಿಯುತ್ತದೆ. 90ಕ್ಕೆ ಹೋದರೆ ವಾರಕ್ಕೆ ನಾಲ್ಕೇ ಗಂಟೆ. ದಿನಕ್ಕೊಂದು ಗಂಟೆ ಇಯರ್‌ಫೋನನ್ನು ಅಷ್ಟು ಸದ್ದಿನಲ್ಲಿಟ್ಟರೆ ಗುರುವಾರಕ್ಕೇ ವಾರದ ಪಾಲು ಮುಗಿಯಿತು.

ಬಿಟ್‌ರೇಟ್ ಒಂದನ್ನೇ ದೂರುವುದೂ ಸರಿಯಲ್ಲ. ಮೈಕು ಕ್ಯಾಮೆರಾದ ತಲೆಯ ಮೇಲಿದ್ದು, ಮಾತನಾಡುವವರು ಇಪ್ಪತ್ತು ಅಡಿ ದೂರದಲ್ಲಿದ್ದರೆ ಯಾವ ಬಿಟ್‌ರೇಟೂ ಉಳಿಸದು. ಬಾಯಿಗೂ ಮೈಕಿಗೂ ಅಂತರ ಇಮ್ಮಡಿಯಾದಾಗ ಮಾತಿನ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಸಭಾಂಗಣದ ಪ್ರತಿಧ್ವನಿ, ಫ್ಯಾನಿನ ಸದ್ದು ಇಳಿಯುವುದಿಲ್ಲ. ಕ್ಯಾಮೆರಾಕ್ಕೆ ಲಕ್ಷ ಸುರಿಯುವ ಸಂಘಟಕರು ಅಂಗಿಗೆ ಸಿಕ್ಕಿಸುವ ಸಣ್ಣ ಮೈಕೊಂದನ್ನು ಕೊಂಡರೆ ಎಷ್ಟೋ ಹಿರಿಯರ ಕಿವಿ ಉಳಿದೀತು. ಹಾಗೆಯೇ, ಮಾತಿನ ಕಾರ್ಯಕ್ರಮಕ್ಕೂ 320 ಕಿಲೋಬಿಟ್ ಬೇಕೆಂದು ಹಟ ಹಿಡಿಯುವ ತರುಣರ ಮಾತನ್ನೂ ನಾನು ಒಪ್ಪುವುದಿಲ್ಲ.

ನೋಡುವವರು ಮಾಡಬಹುದಾದದ್ದೂ ಇದೆ. ನೆಟ್‌ವರ್ಕ್ ದುರ್ಬಲವಾಗಿದ್ದರೆ ಚಿತ್ರದ ಗುಣಮಟ್ಟವನ್ನು 480 ಅಥವಾ 360ಕ್ಕೆ ಇಳಿಸಿ. ಅಂಗೈಯಗಲದ ಪರದೆಗೆ ಅದು ಧಾರಾಳವಾಯಿತು. ತೀರ ಕೆಳಗಿನ ಮೆಟ್ಟಿಲಿಗೆ ಮಾತ್ರ ಹೋಗಬೇಡಿ. ಕೆಲವು ಪ್ರಸಾರಗಳಲ್ಲಿ ಅಲ್ಲಿ ಧ್ವನಿಗೂ ಕಡಿತವಿರುತ್ತದೆ. ಇಷ್ಟಾದ ಮೇಲೂ, ಮನೆಯವರ ಮಾತೇ ತಿಳಿಯದಿದ್ದರೆ ಶ್ರವಣ ಪರೀಕ್ಷೆ ಮಾಡಿಸಬೇಕು. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಮೊಬೈಲನ್ನು ಬೈಯುತ್ತ ಕೂರದೆ ಅಂದೇ ವೈದ್ಯರನ್ನು ಕಾಣಿ. ತಡವಾದಷ್ಟೂ ಚಿಕಿತ್ಸೆ ಫಲಿಸುವ ಸಾಧ್ಯತೆ ಕಡಿಮೆ.

ಉಪನ್ಯಾಸಕ್ಕಷ್ಟೇ ಸೀಮಿತವಾಗಿದ್ದರೆ ನಾನಿಷ್ಟು ಬರೆಯುತ್ತಿರಲಿಲ್ಲ. 2020ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ದೂರವೈದ್ಯಕೀಯಕ್ಕೆ ಮಾರ್ಗಸೂಚಿ ಹೊರಡಿಸಿದ ಮೇಲೆ ನಾನೂ ವಿಡಿಯೋದಲ್ಲಿ ರೋಗಿಗಳನ್ನು ನೋಡುತ್ತಿದ್ದೇನೆ. ನನಗೆ ಬಹುಕಾಲದಿಂದ ಪರಿಚಿತರಾದ ಅಜ್ಜಿಯೊಬ್ಬರಿಗೆ ರಕ್ತದೊತ್ತಡದ ಮಾತ್ರೆಯನ್ನು ‘ರಾತ್ರಿ ಅರ್ಧ’ ಎಂದು ಹೇಳಿದೆ. ಕಡಿದು ಕಡಿದು ಬಂದ ಧ್ವನಿಯಲ್ಲಿ ಅವರಿಗೆ ಕೇಳಿದ್ದು ‘ಎರಡು’. ಬೆಳಗ್ಗೆ ಹಾಸಿಗೆಯಿಂದ ಎದ್ದವರೇ ತಲೆಸುತ್ತಿ ಗೋಡೆ ಹಿಡಿದು ಕೂತರು. ಬಿದ್ದು ಸೊಂಟ ಮುರಿಯಲಿಲ್ಲವೆಂಬುದೇ ಪುಣ್ಯ. ತಪ್ಪು ನನ್ನದು, ಚೀಟಿ ಬರೆದು ಕಳಿಸದೆ ಬಾಯಲ್ಲೇ ಹೇಳಿ ಮುಗಿಸಿದ್ದೆ. ಈಗ ಚೀಟಿ ಕಳಿಸುತ್ತೇನೆ, ಮೇಲಾಗಿ ‘ಏನು ಹೇಳಿದೆ ಹೇಳಿ ಅಜ್ಜಿ’ ಎಂದು ಅವರ ಬಾಯಿಂದಲೇ ಹೇಳಿಸುತ್ತೇನೆ. ಉಬ್ಬಸದವರನ್ನಂತೂ ವಿಡಿಯೋದಲ್ಲಿ ನೋಡಿ ಕೈತೊಳೆದುಕೊಳ್ಳುವುದಿಲ್ಲ. ಈ ಆ್ಯಪ್‌ಗಳಲ್ಲಿ ಗದ್ದಲ ಅಡಗಿಸುವ ವ್ಯವಸ್ಥೆಯಿರುತ್ತದೆ. ಅದಕ್ಕೆ ಬೇಕಾದ್ದು ಮಾತು. ಎದೆಯ ಸುಯ್ಲು ಅದರ ಪಾಲಿಗೆ ಫ್ಯಾನಿನ ಸದ್ದಿನಂತೆಯೇ. ಉಸಿರಾಟದ ತೊಂದರೆ ಎಂದರೆ ಕ್ಲಿನಿಕ್ಕಿಗೇ ಬನ್ನಿ ಎನ್ನುತ್ತೇನೆ.

ಶಿಕ್ಷಕರ ಗುಗ್ಗೆ ತೆಗೆಸಿ ಶ್ರವಣ ಪರೀಕ್ಷೆಗೆ ಕಳಿಸಿದೆ. ವಯಸ್ಸಿಗೆ ತಕ್ಕಷ್ಟು ಇಳಿಕೆ, ಸದ್ಯಕ್ಕೆ ಯಂತ್ರ ಬೇಡವೆಂದು ವರದಿ ಬಂತು. ಇಯರ್‌ಫೋನ್ ಬಿಟ್ಟು ಸಣ್ಣ ಸ್ಪೀಕರ್ ತರಿಸಿಕೊಂಡಿದ್ದಾರೆ. ಮೈಕನ್ನು ಉಪನ್ಯಾಸಕರ ಹತ್ತಿರ ಇಡಿರೆಂದು ಪ್ರಸಾರ ಮಾಡುವವರಿಗೆ ಪತ್ರವನ್ನೂ ಬರೆದಿದ್ದಾರಂತೆ. ಉತ್ತರ ಇನ್ನೂ ಬಂದಿಲ್ಲ.